ವಲಸಿಗರ ದೋಣಿ ಕಂಡ್ರೆ ಹಡಗು ನಿಲ್ಲಿಸ್ಲೇಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೆಡಿಟರೇನಿಯನ್ನಲ್ಲಿ ದೋಣಿ ಮುಳುಗಿದ ಸುದ್ದಿ ಟೀವಿಯಲ್ಲಿ ಬಂದ ಕೂಡ್ಲೇ ನನ್ನ ವಾಟ್ಸಾಪಿಗೆ ಮೆಸೇಜ್ ಶುರು. ನಾನು ಹನ್ನೊಂದು ವರ್ಷ ಡೆಕ್ ಆಫೀಸರ್ ಆಗಿ ಟ್ಯಾಂಕರಲ್ಲೂ ಬಲ್ಕ್ ಕ್ಯಾರಿಯರಲ್ಲೂ ಇದ್ದು ಈಗ ಊರಲ್ಲಿ ಕೂತವ, ಹಾಗಾಗಿ ಹಡಗಿಗೆ ಸೇರ್ಲಿಕ್ಕೆ ಹೊರಟ ಹುಡುಗರು, ಅವರ ಅಪ್ಪ ಅಮ್ಮ, ಏನೂ ಸಂಬಂಧ ಇಲ್ಲದ ನೆಂಟರು ಎಲ್ಲ ಅದೇ ಹತ್ತು ಹದಿನೈದು ಪ್ರಶ್ನೆ ತಿರುಗಿ ತಿರುಗಿ ಕೇಳ್ತಾರೆ. ಒಬ್ಬೊಬ್ಬರಿಗೆ ಟೈಪ್ ಮಾಡಿ ಸಾಕಾಗಿ ಎಲ್ಲ ಒಂದೇ ಕಡೆ ಬರೆದು ಇಟ್ಟಿದ್ದೇನೆ. ನಾನು ವಕೀಲ ಅಲ್ಲ, ಆದ್ರೆ ಬ್ರಿಜ್ಜಲ್ಲಿ, ಅಂದ್ರೆ ಹಡಗು ನಡೆಸುವ ಕೋಣೆಯಲ್ಲಿ, ನಿಂತವನಿಗೆ ಈ ಕಾನೂನು ಗೊತ್ತಿರ್ಲೇಬೇಕು, ಪರೀಕ್ಷೆಗೂ ಬರ್ತದೆ.

ಸಮುದ್ರದಲ್ಲಿ ಯಾರೋ ಮುಳುಗ್ತಿದ್ರೆ ಎತ್ತಲೇಬೇಕು ಅಂತ ನಿಜವಾಗಿಯೂ ಕಾನೂನು ಉಂಟಾ, ಅಥವಾ ಅದು ಮನುಷ್ಯತ್ವದ ಮಾತಾ?

ಎರಡೂ ಹೌದು. ಮೊದ್ಲು ಅದು ಸಮುದ್ರದವರ ಕಟ್ಟುಪಾಡು, ಆಮೇಲೆ ಬರವಣಿಗೆಗೆ ಬಂತು. 1910ರ ಬ್ರಸೆಲ್ಸ್ ಒಪ್ಪಂದದಲ್ಲೇ, ಶತ್ರುವಾದ್ರೂ ಸರಿ ಸಮುದ್ರದಲ್ಲಿ ಸಾಯ್ತಾ ಇರುವವನಿಗೆ ಕ್ಯಾಪ್ಟನ್ ಸಹಾಯ ಮಾಡ್ಬೇಕು ಅಂತ ಉಂಟು. ಟೈಟಾನಿಕ್ ಮುಳುಗಿದ್ದು ಅದಾಗಿ ಎರಡು ವರ್ಷಕ್ಕೆ, ಅದರ ನಂತರ 1914ರಲ್ಲಿ ಸೋಲಾಸ್ ಅನ್ನುವ, ಸಮುದ್ರದಲ್ಲಿ ಜೀವ ಕಾಪಾಡುವ ಒಪ್ಪಂದ ಹುಟ್ಟಿತು. ಈಗ ಜಾರಿಯಲ್ಲಿ ಇರುವ ಸೋಲಾಸ್ 1974ರದ್ದು.

ಇವತ್ತಿನ ಮಟ್ಟಿಗೆ ಮೂರು ಹೆಸರು ನೆನಪಿಟ್ಕೊಂಡ್ರೆ ಸಾಕು. ಒಂದು 1982ರ ವಿಶ್ವಸಂಸ್ಥೆ ಸಮುದ್ರ ಕಾನೂನು ಒಪ್ಪಂದ, ಅದರ 98ನೇ ವಿಧಿ. ಎರಡನೇದು ಸೋಲಾಸಿನ ಐದನೇ ಅಧ್ಯಾಯದ 33ನೇ ನಿಯಮ, ಯಾರೋ ಅಪಾಯದಲ್ಲಿ ಇದ್ದಾರೆ ಅಂತ ಯಾವ ಮೂಲದಿಂದ ಗೊತ್ತಾದ್ರೂ ಸರಿ ಪೂರ್ತಿ ವೇಗದಲ್ಲಿ ಅತ್ತ ಹೋಗ್ಬೇಕು ಅನ್ನುವಂಥದ್ದು. ಮೂರನೇದು 1979ರಲ್ಲಿ ಹ್ಯಾಂಬರ್ಗಲ್ಲಿ ಆದ ಶೋಧ ಮತ್ತು ರಕ್ಷಣೆ ಒಪ್ಪಂದ, ನಾವು ಸಾರ್ ಅಂತೇವೆ, ಅದು ದೇಶಗಳ ಮೇಲೆ ಜವಾಬ್ದಾರಿ ಹಾಕ್ತದೆ, ಇಂತಿಂಥ ಸಮುದ್ರ ನಿಮ್ಮ ಪಾಲಿಗೆ, ಅಲ್ಲಿ ಕರೆ ಬಂದ್ರೆ ನೀವು ನೋಡ್ಕೊಳ್ಬೇಕು ಅಂತ.

ಅವರು ಪಾಸ್‌ಪೋರ್ಟ್ ಇಲ್ಲದೆ ಕದ್ದು ಹೋಗುವವರು ಆದ್ರೆ? ಅವರಿಗೂ ಇದೇ ಕಾನೂನಾ?

ಅವರಿಗೂ ಇದೇ. ಸಾರ್ ಒಪ್ಪಂದದಲ್ಲಿ ಇದು ಬಿಡಿಸಿ ಹೇಳಿದ್ದುಂಟು: ಆ ಮನುಷ್ಯ ಯಾವ ದೇಶದವ, ಅವನ ಸ್ಥಾನಮಾನ ಎಂತದು, ಯಾವ ಪರಿಸ್ಥಿತಿಯಲ್ಲಿ ಸಿಕ್ಕಿದ, ಇದು ಯಾವುದನ್ನೂ ನೋಡ್ಲಿಕ್ಕಿಲ್ಲ. ನೀರಲ್ಲಿ ಇರುವವ ನಿರಾಶ್ರಿತನಾ ಕೆಲಸ ಹುಡುಕ್ಕೊಂಡು ಹೊರಟವನಾ ಕಳ್ಳಸಾಗಣೆ ಮಾಡುವವನಾ ಅಂತ ವಿಂಗಡಣೆ ಮಾಡುದು ಕ್ಯಾಪ್ಟನ್ ಕೆಲಸವೇ ಅಲ್ಲ, ಅದು ದಡದಲ್ಲಿ ಅಧಿಕಾರಿಗಳು ಮಾಡುವ ಕೆಲಸ. ಹಡಗಿನವನಿಗೆ ಇರುವ ಪ್ರಶ್ನೆ ಒಂದೇ, ಇವರು ಅಪಾಯದಲ್ಲಿ ಇದ್ದಾರಾ ಇಲ್ವಾ.

ದೋಣಿ ಇನ್ನೂ ತೇಲ್ತಾ ಉಂಟು, ಎಂಜಿನ್ನೂ ಓಡ್ತಾ ಉಂಟು, ಅವರೇ "ಬೇಡ, ನಾವು ಹೋಗ್ತೇವೆ" ಅಂದ್ರು. ಆಗ?

ನನ್ನ ಪ್ರಕಾರ ಇದು ಈ ಪಟ್ಟಿಯಲ್ಲೇ ಕಷ್ಟದ ಪ್ರಶ್ನೆ, ಮತ್ತು ಇದಕ್ಕೆ ತಪ್ಪು ಉತ್ತರ ಕೊಟ್ಟ ಕಾರಣಕ್ಕೇ ನೂರಾರು ಜನ ಸತ್ತದ್ದುಂಟು.

2023ರ ಜೂನಿನಲ್ಲಿ ಲಿಬಿಯಾದ ತೊಬ್ರುಕಿಂದ ಹೊರಟ ಆಡ್ರಿಯಾನಾ ಅನ್ನುವ ಹಳೇ ಮೀನಿನ ದೋಣಿ ಗ್ರೀಸಿನ ಪೈಲೋಸ್ ಊರಿನ ಆಚೆ ನಡು ಸಮುದ್ರದಲ್ಲಿ ಇತ್ತು. ಒಳಗೆ ಸುಮಾರು 750 ಜನ ಅಂತ ಅಂದಾಜು, ಪಾಕಿಸ್ತಾನದವರು, ಈಜಿಪ್ಟಿನವರು, ಸಿರಿಯಾದವರು ಹೆಚ್ಚು. ವಿಮಾನದಿಂದ ತೆಗೆದ ಫೋಟೋ ನೀವೂ ನೋಡಿರ್ಬಹುದು, ಡೆಕ್ಕಲ್ಲಿ ಒಂದು ಇಂಚು ಜಾಗ ಇಲ್ಲ, ಬರೀ ತಲೆಗಳು. ಲಕ್ಕಿ ಸೈಲರ್, ಫೇತ್‌ಫುಲ್ ವಾರಿಯರ್ ಅನ್ನುವ ಎರಡು ವ್ಯಾಪಾರಿ ಹಡಗು ಹತ್ತಿರ ಹೋಗಿ ನೀರು, ಊಟ ಕೊಟ್ಟವು. ಅವರು ಸಹಾಯ ಬೇಡ, ಇಟಲಿಗೆ ಹೋಗ್ಬೇಕು ಅಂದ್ರು ಅಂತ ಗ್ರೀಸಿನ ಕೋಸ್ಟ್ ಗಾರ್ಡ್ ಹೇಳ್ತದೆ. ಬದುಕಿ ಬಂದವರು ಬೇರೆಯೇ ಕಥೆ ಹೇಳ್ತಾರೆ, ಕೋಸ್ಟ್ ಗಾರ್ಡ್ ಹಗ್ಗ ಕಟ್ಟಿ ಎಳೆದದ್ದಕ್ಕೇ ಮಗುಚಿತು ಅಂತ, ಅದನ್ನು ಅಧಿಕಾರಿಗಳು ಒಪ್ಪುದಿಲ್ಲ. ಜೂನ್ 14ರ ನಸುಕಲ್ಲಿ ದೋಣಿ ಮುಳುಗಿತು. ಬದುಕಿದ್ದು 104 ಜನ, ಸಿಕ್ಕಿದ ಹೆಣ 82, ಬಾಕಿ ಎಲ್ಲ ಸಮುದ್ರದ ತಳದಲ್ಲಿ.

ಈಗ ಕಾನೂನಿಗೆ ಬನ್ನಿ. ಯುರೋಪಿಯನ್ ಯೂನಿಯನ್ನಿನ 2014ರ ಒಂದು ನಿಯಮಾವಳಿ ಉಂಟು, ಅವರ ಗಡಿ ಕಾಯುವ ಹಡಗುಗಳಿಗೆ ಮಾಡಿದ್ದು. ದೋಣಿ ಅಪಾಯದಲ್ಲಿ ಉಂಟಾ ಅಂತ ತೀರ್ಮಾನ ಮಾಡ್ಲಿಕ್ಕೆ ಎಂತೆಲ್ಲ ನೋಡ್ಬೇಕು ಅಂತ ಅದರಲ್ಲಿ ಬರೆದಿದ್ದಾರೆ: ದೋಣಿಯ ಗಾತ್ರಕ್ಕೆ ಜನ ಎಷ್ಟು, ಡೀಸೆಲ್ ನೀರು ಊಟ ಸಾಕಾ, ಓಡಿಸ್ಲಿಕ್ಕೆ ತಿಳಿದವ ಇದ್ದಾನಾ, ಹವಾಮಾನ ಹೇಗೆ, ಗರ್ಭಿಣಿಯರು ಮಕ್ಕಳು ಇದ್ದಾರಾ, ಹೆಣ ಉಂಟಾ. ಕರೆ ಬಂದಿರ್ಲೇಬೇಕು ಅಂತ ಇಲ್ಲ, ಜನ ಸಹಾಯ ಬೇಡ ಅಂದ್ರೂ ಕೆಲಸ ಅಲ್ಲಿಗೆ ಮುಗಿಯುದೂ ಇಲ್ಲ. ಲೈಫ್‌ಜಾಕೆಟ್ ಇಲ್ಲದೆ 750 ಜನ ಒಂದು ಮೀನಿನ ದೋಣಿಯಲ್ಲಿ ಇದ್ರೆ ಅದು ತೇಲ್ತಾ ಇರುವಾಗಲೇ ಅಪಾಯದಲ್ಲಿರುವ ದೋಣಿ ಅಂತ ನಮ್ಮ ಮಲ್ಪೆಯಲ್ಲಿ ದೋಣಿ ನಡೆಸುವ ಯಾವ ತಂಡೇಲನೂ ಹೇಳಿಯಾನು.

ಕಂಪನಿ ಆಫೀಸಿಂದ "ಅತ್ತ ಹೋಗ್ಬೇಡ, ಶೆಡ್ಯೂಲ್ ಹಾಳಾಗ್ತದೆ" ಅಂತ ಫೋನ್ ಬಂದ್ರೆ?

ಹಾಗೆ ಹೇಳುವ ಹಕ್ಕು ಅವರಿಗಿಲ್ಲ. ಜೀವ ಉಳಿಸ್ಲಿಕ್ಕೆ ಕ್ಯಾಪ್ಟನ್ ತಗೊಳ್ಳುವ ತೀರ್ಮಾನಕ್ಕೆ ಮಾಲೀಕನಾಗ್ಲಿ ಬಾಡಿಗೆಗೆ ತಗೊಂಡವನಾಗ್ಲಿ ಅಡ್ಡ ಬರ್ಲಿಕ್ಕಿಲ್ಲ ಅಂತ ಸೋಲಾಸಿನ ಅದೇ ಅಧ್ಯಾಯದಲ್ಲಿ ನೇರವಾಗಿ ಉಂಟು. ಹಡಗಲ್ಲಿ ಇದ್ದವರಿಗೆ ಗೊತ್ತು, ಬಾಯಿ ಬಿಟ್ಟು "ಹೋಗ್ಬೇಡ" ಅಂತ ಯಾರೂ ಹೇಳುದಿಲ್ಲ. "ಹತ್ತಿರ ಬೇರೆ ಹಡಗು ಇಲ್ವಾ ಕ್ಯಾಪ್ಟನ್, ಸ್ವಲ್ಪ ನೋಡಿ" ಅಂತಾರೆ. ಅರ್ಥ ಆಗುವವರಿಗೆ ಆಗ್ತದೆ.

ಹೋಗದೇ ಇರ್ಲಿಕ್ಕೆ ಸರಿಯಾದ ಕಾರಣ ಏನಾದ್ರೂ ಉಂಟಾ?

ಉಂಟು. ತನ್ನ ಹಡಗಿಗೆ, ಸಿಬ್ಬಂದಿಗೆ ಗಂಭೀರ ಅಪಾಯ ಇದ್ರೆ, ಹೋಗ್ಲಿಕ್ಕೆ ಸಾಧ್ಯವೇ ಇಲ್ಲದಿದ್ರೆ, ಅಥವಾ ಬೇರೆ ಹಡಗು ಆಗ್ಲೇ ಮುಟ್ಟಿ ನೀವು ಬೇಡ ಅಂತ ಅವರೇ ಹೇಳಿದ್ರೆ. ಗ್ಯಾಸ್ ಟ್ಯಾಂಕರಿನ ಕ್ಯಾಪ್ಟನಿಗೆ ನೂರು ಜನರನ್ನು ಡೆಕ್ಕಿಗೆ ಹತ್ತಿಸುದು ಅಂದ್ರೆ ಸಣ್ಣ ವಿಷಯ ಅಲ್ಲ, ಒಬ್ಬ ಸಿಗರೇಟ್ ಹಚ್ಚಿದ್ರೆ ಮುಗೀತು. ಆದ್ರೂ ದೂರದಲ್ಲಿ ನಿಂತು ಲೈಫ್‌ರಾಫ್ಟ್ ಬಿಡ್ಬಹುದು, ಗಾಳಿ ತಡೆದು ಕೊಡ್ಬಹುದು, ಜಾಗ ಗುರುತು ಮಾಡಿ ಬೇರೆಯವರನ್ನು ಕರೀಬಹುದು. ಒಟ್ಟಿನಲ್ಲಿ ಹೋಗದಿದ್ರೆ ಯಾಕೆ ಹೋಗ್ಲಿಲ್ಲ ಅಂತ ಲಾಗ್‌ಬುಕ್ಕಲ್ಲಿ ಬರೀಲೇಬೇಕು, ಮತ್ತು ಆ ಬರೆದದ್ದನ್ನು ಒಂದು ದಿನ ಯಾರೋ ಕೋರ್ಟಲ್ಲಿ ಗಟ್ಟಿಯಾಗಿ ಓದ್ಬಹುದು ಅಂತ ನೆನಪಿಟ್ಕೊಂಡು ಬರೀಬೇಕು.

ದೋಣಿಯವರ ಹತ್ರ ರೇಡಿಯೋ ಇರುದಿಲ್ಲ. ಹಡಗಿಗೆ ಸುದ್ದಿ ಹೇಗೆ ಮುಟ್ಟುದು?

ಹೆಚ್ಚಾಗಿ ಅವರ ಹತ್ರ ಒಂದು ಸ್ಯಾಟಲೈಟ್ ಫೋನ್ ಇರ್ತದೆ, ಕಳಿಸಿದ ದಲ್ಲಾಳಿ ಕೊಟ್ಟದ್ದು. ಅದರಿಂದ ರೋಮಿನ ರಕ್ಷಣಾ ಕೇಂದ್ರಕ್ಕೋ, 2014ರಿಂದ ನಡೀತಾ ಇರುವ ಅಲಾರ್ಮ್ ಫೋನ್ ಅನ್ನುವ ಸ್ವಯಂಸೇವಕರ ನಂಬರಿಗೋ ಮಾಡ್ತಾರೆ. ಕೇಂದ್ರದವರು ಸುತ್ತಮುತ್ತಲ ಹಡಗುಗಳಿಗೆ ನ್ಯಾವ್‌ಟೆಕ್ಸ್, ಸ್ಯಾಟ್-ಸಿ ಮೆಸೇಜ್ ಬಿಡ್ತಾರೆ, ಅಥವಾ ನೇರ ಹಡಗಿಗೇ ಫೋನ್ ಹೊಡೀತಾರೆ, ಯಾಕಂದ್ರೆ ಯಾರು ಎಲ್ಲಿದ್ದಾರೆ ಅಂತ ಅವರ ಸ್ಕ್ರೀನಲ್ಲಿ ಕಾಣ್ತದೆ. ಹತ್ತಿರ ಇದ್ರೆ ರೇಡಿಯೋದಲ್ಲಿ ವಿಎಚ್‌ಎಫ್ ಚಾನೆಲ್ 16. ಇನ್ನು ಕೆಲವು ಸಲ ಯಾರ ಮೆಸೇಜೂ ಇಲ್ಲ, ಕಣ್ಣಿಗೆ ಬೀಳುದೇ.

ಅಷ್ಟು ದೊಡ್ಡ ಹಡಗಿಂದ ಜನರನ್ನು ಎತ್ತುದು ಹೇಗೆ? ಲೈಫ್‌ಬೋಟ್ ಇಳಿಸಿದ್ರೆ ಆಯ್ತಲ್ವಾ?

ಆಗ್ಬಹುದಿತ್ತು, ಸಮುದ್ರ ಕೆರೆ ಹಾಗೆ ಇದ್ದಿದ್ರೆ. ಖಾಲಿ ಓಡ್ತಿರುವ ಟ್ಯಾಂಕರಿನ ಡೆಕ್ ನೀರಿಂದ ಮೂರು ನಾಲ್ಕು ಮಾಳಿಗೆ ಎತ್ತರದಲ್ಲಿ ಇರ್ತದೆ. ಬಂದರಿಗೆ ದಾರಿ ತೋರಿಸ್ಲಿಕ್ಕೆ ಬರುವ ಪೈಲಟ್ ಹತ್ತುವ ಹಗ್ಗದ ಏಣಿಯನ್ನೇ ತಗೊಳ್ಳಿ, ಒಂಬತ್ತು ಮೀಟರಿಗಿಂತ ಹೆಚ್ಚು ಅದರಲ್ಲಿ ಹತ್ತಿಸ್ಬಾರ್ದು ಅಂತ ನಿಯಮ, ಅದೂ ದಿನಾ ಅದೇ ಕೆಲಸ ಮಾಡುವ, ಗಟ್ಟಿಮುಟ್ಟಾದ ಪೈಲಟಿಗೆ. ಇಲ್ಲಿ ಹತ್ತಬೇಕಾದವರು ಮೂರು ದಿನ ಊಟ ಇಲ್ಲದವರು, ಕಾಲು ಜೋಮು ಹಿಡಿದವರು, ಸೊಂಟದಲ್ಲಿ ಮಗು ಕಟ್ಕೊಂಡವರು.

ಕ್ರಮ ಹೇಗೆ ಅಂದ್ರೆ, ಗಾಳಿ ಬರುವ ಕಡೆಗೆ ಹಡಗನ್ನು ಅಡ್ಡ ನಿಲ್ಲಿಸಿ ಇನ್ನೊಂದು ಬದಿಯಲ್ಲಿ ಸ್ವಲ್ಪ ಶಾಂತ ನೀರು ಮಾಡ್ಕೊಳ್ಳುದು, ಅದಕ್ಕೆ ಲೀ ಅಂತೇವೆ. ಮೊದ್ಲು ಲೈಫ್‌ಜಾಕೆಟ್ ಇಳಿಸ್ಬೇಕು, ಏಣಿ ಮೊದ್ಲು ಇಳಿಸ್ಲೇಬಾರ್ದು. ಯಾಕಂದ್ರೆ ಏಣಿ ಕಂಡ ಕೂಡ್ಲೇ ದೋಣಿಯಲ್ಲಿದ್ದವರೆಲ್ಲ ಒಟ್ಟಿಗೆ ಎದ್ದು ಒಂದೇ ಬದಿಗೆ ಬರ್ತಾರೆ, ದೋಣಿ ಮಗುಚ್ತದೆ. ಒಬ್ಬ ಭಾಷೆ ಬರುವವ ಮೆಗಾಫೋನ್ ಹಿಡಿದು "ಕೂತ್ಕೊಳ್ಳಿ, ಕೂತ್ಕೊಳ್ಳಿ, ಎಲ್ಲರಿಗೂ ಜಾಗ ಉಂಟು" ಅಂತ ಹತ್ತು ಸಲ ಹೇಳುದೇ ಅರ್ಧ ರಕ್ಷಣೆ. ನಮ್ಮಲ್ಲಿ ಡ್ರಿಲ್ ಮಾಡುವಾಗ ಬೋಸನ್, ಅಂದ್ರೆ ಡೆಕ್ಕಿನ ನಾವಿಕರ ಮೇಸ್ತ್ರಿ, ಇದನ್ನು ಸಿನಿಮಾ ಟಿಕೆಟ್ ಕೌಂಟರ್ ಅಂತಿದ್ದ, ಶಟರ್ ತೆಗೀಬೇಕಾದ್ರೆ ಕ್ಯೂ ಆಗಿರ್ಬೇಕು.

ಆಗದಿದ್ರೆ ಎಂತ ಆಗ್ತದೆ ಅನ್ನುದಕ್ಕೆ 2015ರ ಏಪ್ರಿಲ್ 18. ಕಿಂಗ್ ಜೇಕಬ್ ಅನ್ನುವ ಪೋರ್ಚುಗಲ್ ಬಾವುಟದ ಹಡಗು ಇಟಲಿಯವರು ಹೇಳಿದ್ರು ಅಂತ ಸಹಾಯಕ್ಕೆ ಹೋಯ್ತು, ರಾತ್ರಿ, ಆ ಮೀನಿನ ದೋಣಿ ಓಡಿಸ್ತಿದ್ದವ ತಂದು ಹಡಗಿಗೇ ಗುದ್ದಿದ, ಜನ ಒಂದು ಬದಿಗೆ ಬಿದ್ರು, ನಿಮಿಷಗಳಲ್ಲಿ ಮುಳುಗಿತು. ಸತ್ತವರು 800ಕ್ಕೂ ಹೆಚ್ಚು, ಬದುಕಿದವರು 28. ಹಡಗಿನವರು ಕಾನೂನಿನ ಪ್ರಕಾರವೇ ನಡೆದದ್ದು.

ಇನ್ನೊಂದು ವಿಷಯ, ಇದು ನಂಗೆ ತಡವಾಗಿ ಗೊತ್ತಾದದ್ದು. ರಬ್ಬರ್ ದೋಣಿಯಲ್ಲಿ ಹೆಂಗಸರನ್ನೂ ಮಕ್ಕಳನ್ನೂ ನಡುವೆ ಕೂರಿಸ್ತಾರೆ, ಸೇಫ್ ಅಂತ. ಚೆಲ್ಲಿದ ಪೆಟ್ರೋಲೂ ಉಪ್ಪುನೀರೂ ಸೇರಿ ಅಲ್ಲೇ ನಡುವೆ ನಿಲ್ತದೆ, ಆ ನೀರಲ್ಲಿ ಗಂಟೆಗಟ್ಲೆ ಕೂತು ತೊಡೆ, ಕಾಲು ಬೆಂದು ಚರ್ಮ ಏಳ್ತದೆ. ಹಾಗಾಗಿ ಹತ್ತಿಸಿದ ಕೂಡ್ಲೇ ಮೊದ್ಲು ಮಾಡ್ಬೇಕಾದದ್ದು ಆ ಬಟ್ಟೆ ತೆಗೆಸಿ ಒಳ್ಳೆ ನೀರಲ್ಲಿ ತೊಳೆಸುದು, ಕಂಬಳಿ ಹೊದಿಸುದು ಅದರ ನಂತರ.

ಎತ್ತಿದ ಮೇಲೆ ಎಲ್ಲಿ ಇಳಿಸುದು?

ಹಾಂ. ಎಲ್ಲ ಗಲಾಟೆ ಇರುದು ಇಲ್ಲಿ. ಎತ್ತುವ ಕಾನೂನು ಕಲ್ಲಲ್ಲಿ ಕೆತ್ತಿದ ಹಾಗೆ ಉಂಟು, ಇಳಿಸುವ ಕಾನೂನು ಮರಳಲ್ಲಿ ಬರೆದ ಹಾಗೆ. ಕ್ಯಾಪ್ಟನ್ ಎತ್ತಲೇಬೇಕು, ಆದ್ರೆ ಇಂಥ ದೇಶ ತನ್ನ ಬಂದರಿಗೆ ಬಿಡ್ಲೇಬೇಕು ಅಂತ ಒಂದು ಸಾಲು ಎಲ್ಲಿಯೂ ಸರಿಯಾಗಿ ಬರೆದಿಲ್ಲ.

ಇದು ಜಗತ್ತಿಗೆ ಕಂಡದ್ದು ಟಾಂಪಾ ಕೇಸಲ್ಲಿ. 2001ರ ಆಗಸ್ಟ್ 26ಕ್ಕೆ ನಾರ್ವೆಯ ಕಂಟೇನರ್ ಹಡಗು ಟಾಂಪಾ, ಕ್ಯಾಪ್ಟನ್ ಆರ್ನೆ ರಿನ್ನಾನ್, ಆಸ್ಟ್ರೇಲಿಯಾದವರೇ ಕೇಳಿದ್ದಕ್ಕೆ ಹೋಗಿ ಒಂದು ಇಂಡೋನೇಷ್ಯಾ ದೋಣಿಯಿಂದ 430ಕ್ಕೂ ಹೆಚ್ಚು ಜನರನ್ನು ಎತ್ತಿದ, ಹೆಚ್ಚಿನವರು ಅಫ್ಘಾನಿಸ್ತಾನದ ಹಜಾರಾಗಳು. ಹಡಗಲ್ಲಿ ಸಿಬ್ಬಂದಿ 27 ಜನ. ಹತ್ತಿರದ ಕ್ರಿಸ್ಮಸ್ ದ್ವೀಪಕ್ಕೆ ಹೋಗ್ತೇನೆ ಅಂದ್ರೆ ಆಸ್ಟ್ರೇಲಿಯಾ ಬಿಡುದಿಲ್ಲ ಅಂತು. ಮೂರು ದಿನ ಕಾದು, ಡೆಕ್ಕಲ್ಲಿ ಜನ ಪ್ರಜ್ಞೆ ತಪ್ಪಿ ಬೀಳುದು ನೋಡಿ, ಆಸಾಮಿ ಹಡಗನ್ನು ಅವರ ಸಮುದ್ರದ ಒಳಗೆ ತಂದ. ಆಸ್ಟ್ರೇಲಿಯಾ ಡಾಕ್ಟರನ್ನು ಕಳಿಸ್ಬೇಕಾದ ಜಾಗಕ್ಕೆ ಎಸ್‌ಎಎಸ್ ಕಮಾಂಡೋಗಳನ್ನು ಕಳಿಸ್ತು. ಕೊನೆಗೆ ಜನರನ್ನು ನೌಕಾಪಡೆ ಹಡಗಿಗೆ ಹತ್ತಿಸಿ ಹೆಚ್ಚಿನವರನ್ನು ನೌರು ದ್ವೀಪಕ್ಕೆ, ಸ್ವಲ್ಪ ಜನರನ್ನು ನ್ಯೂಜಿಲೆಂಡಿಗೆ ಸಾಗಿಸಿದ್ರು. ಮರುವರ್ಷ ಕ್ಯಾಪ್ಟನಿಗೂ ಸಿಬ್ಬಂದಿಗೂ ಮಾಲೀಕರಿಗೂ ನಿರಾಶ್ರಿತರಿಗೆ ನೆರವಾದವರಿಗೆ ಕೊಡುವ ವಿಶ್ವಸಂಸ್ಥೆಯ ನಾನ್ಸೆನ್ ಪ್ರಶಸ್ತಿ ಬಂತು.

ಟಾಂಪಾ ಆದ ಮೇಲೆ 2004ರಲ್ಲಿ ಸೋಲಾಸ್, ಸಾರ್ ಎರಡಕ್ಕೂ ತಿದ್ದುಪಡಿ ಆಯ್ತು, 2006ರ ಜುಲೈಯಿಂದ ಜಾರಿ. ಆ ಸಮುದ್ರದ ಜವಾಬ್ದಾರಿ ಇರುವ ದೇಶ ಮುಂದೆ ನಿಂತು ಆದಷ್ಟು ಬೇಗ ಸುರಕ್ಷಿತ ಜಾಗದಲ್ಲಿ ಇಳಿಸುವ ವ್ಯವಸ್ಥೆ ಮಾಡ್ಬೇಕು, ಹಡಗನ್ನು ಸುಮ್ಮನೆ ಅಲೆಸ್ಬಾರ್ದು ಅಂತ. ಸುರಕ್ಷಿತ ಜಾಗ ಅಂದ್ರೆ ಜೀವಕ್ಕೆ ಅಪಾಯ ಇಲ್ಲದ, ಊಟ ವಸತಿ ಔಷಧಿ ಸಿಗುವ, ಮುಂದಿನ ಪ್ರಯಾಣಕ್ಕೆ ವ್ಯವಸ್ಥೆ ಮಾಡ್ಲಿಕ್ಕೆ ಆಗುವ ಜಾಗ. ಹಡಗು ಸ್ವಲ್ಪ ಹೊತ್ತಿಗೆ ಮಾತ್ರ ಆ ಜಾಗ ಆಗ್ಬಹುದು. ಓದ್ಲಿಕ್ಕೆ ಚಂದ ಉಂಟು. "ವ್ಯವಸ್ಥೆ ಮಾಡ್ಬೇಕು" ಅಂತ ಉಂಟೇ ಹೊರತು "ನಿಮ್ಮಲ್ಲೇ ಇಳಿಸ್ಕೊಳ್ಬೇಕು" ಅಂತ ಇಲ್ಲ, ಮತ್ತು ಮೆಡಿಟರೇನಿಯನ್ನಿನ ನಡುವೆ ಬಲು ದೊಡ್ಡ ಸಮುದ್ರದ ಪಾಲು ಹೊಂದಿರುವ ಪುಟ್ಟ ದೇಶ ಮಾಲ್ಟಾ ಆ ತಿದ್ದುಪಡಿ ಒಪ್ಪಲೇ ಇಲ್ಲ. ಇಟಲಿ ಮಾಲ್ಟಾದ ಕಡೆ ಕೈ ತೋರಿಸ್ತದೆ, ಮಾಲ್ಟಾ ಇಟಲಿ ಕಡೆ, ನಡುವೆ ಹಡಗು.

ಮೇರ್ಸ್ಕ್ ಎಟಿಯೆನ್ ಕಥೆ ಕೇಳಿ. 2020ರ ಆಗಸ್ಟ್ 4, ಡೆನ್ಮಾರ್ಕ್ ಬಾವುಟದ ಟ್ಯಾಂಕರ್, ಮಾಲ್ಟಾದ ರಕ್ಷಣಾ ಕೇಂದ್ರ ಹೇಳಿದ್ದಕ್ಕೆ 27 ಜನರನ್ನು ಎತ್ತಿತು. ಬರೀ 27. ಅದರಲ್ಲಿ ಒಬ್ಬ ಗರ್ಭಿಣಿ. ಮಾಲ್ಟಾ ಇಳಿಸ್ಕೊಳ್ಳುದಿಲ್ಲ ಅಂತು, ಬೇರೆಯವರೂ ಅಷ್ಟೆ. ಒಂದು ದಿನ, ಒಂದು ವಾರ, ಒಂದು ತಿಂಗಳು. ಡೆಕ್ಕಲ್ಲೇ ಕಂಬಳಿ ಹಾಸಿ ಮಲಗಿದ್ರು. ನಡುವೆ ಮೂರು ಜನ ಸಮುದ್ರಕ್ಕೆ ಹಾರಿದ್ರು, ಸಿಬ್ಬಂದಿ ಮತ್ತೆ ಎತ್ತಿದ್ರು. 38 ದಿನ ಆದ ಮೇಲೆ ಮಾರೆ ಜೋನಿಯೋ ಅನ್ನುವ ಸ್ವಯಂಸೇವಾ ಹಡಗು ಬಂದು ಕರ್ಕೊಂಡು ಹೋಗಿ ಸಿಸಿಲಿಯ ಪೊಜ್ಜಾಲ್ಲೋದಲ್ಲಿ ಇಳಿಸ್ತು. ಟ್ಯಾಂಕರ್ ಕಂಪನಿ ಆಮೇಲೆ ಆ ಸಂಸ್ಥೆಗೆ 1,25,000 ಯೂರೋ ಕೊಟ್ಟದ್ದಕ್ಕೆ ಅದು ದುಡ್ಡಿಗೆ ಮಾಡಿದ ಸಾಗಾಟ ಅಂತ ಇಟಲಿಯಲ್ಲಿ ಸಂಸ್ಥೆಯವರ ಮೇಲೆ ಕೇಸೂ ಆಯ್ತು!

ಯಾರಾದ್ರೂ "ಈಗಿನ ಹಡಗಿನವರಿಗೆ ಮನುಷ್ಯತ್ವ ಇಲ್ಲ" ಅಂದಾಗ ನಂಗೆ ಈ 38 ದಿನ ನೆನಪಾಗ್ತದೆ. ಮುಂದಿನ ಸಲ ದೋಣಿ ಕಂಡಾಗ ಕ್ಯಾಪ್ಟನ್ ಕೈ ಎಂಜಿನ್ನಿನ ವೇಗ ಬದಲಿಸುವ ಟೆಲಿಗ್ರಾಫ್ ಹಿಡಿಕೆ ಮೇಲೆ ಒಂದು ಕ್ಷಣ ತಡೆದ್ರೆ ಆ ತಡೆಯುವ ಹಾಗೆ ಮಾಡಿದ್ದು ಬಂದರು ಮುಚ್ಚಿದವರು.

ಲಿಬಿಯಾದಿಂದ ಹೊರಟವರನ್ನು ಲಿಬಿಯಾದಲ್ಲೇ ವಾಪಸ್ ಬಿಟ್ರೆ ಎಂತ ತೊಂದ್ರೆ? ಹತ್ತಿರ ಅದೇ ಅಲ್ವಾ?

ಹತ್ತಿರ ಅನ್ನುದು ಲೆಕ್ಕ ಅಲ್ಲ, ಸುರಕ್ಷಿತ ಅನ್ನುದು ಲೆಕ್ಕ. ಹಿಂಸೆ ಆಗುವ ಜಾಗಕ್ಕೆ ಮನುಷ್ಯನನ್ನು ವಾಪಸ್ ತಳ್ಳಬಾರ್ದು ಅಂತ 1951ರ ನಿರಾಶ್ರಿತರ ಒಪ್ಪಂದದ 33ನೇ ವಿಧಿ. 2009ರ ಮೇಯಲ್ಲಿ ಇಟಲಿಯವರು ತಮ್ಮ ಲಾಂಪೆಡೂಸಾ ದ್ವೀಪದ ದಕ್ಷಿಣಕ್ಕೆ ಸುಮಾರು 200 ಜನರನ್ನು ತಮ್ಮ ಸರ್ಕಾರಿ ಹಡಗಿಗೆ ಹತ್ತಿಸಿ, ಎಲ್ಲಿಗೆ ಅಂತ ಹೇಳದೆ ಟ್ರಿಪೋಲಿಗೆ ಕೊಂಡೋಗಿ ಒಪ್ಪಿಸಿದ್ರು. ಅದರಲ್ಲಿ 24 ಜನ ಸೊಮಾಲಿಯಾ, ಎರಿಟ್ರಿಯಾದವರು ಕೇಸ್ ಹಾಕಿದ್ರು, ಹಿರ್ಸಿ ಜಮಾ ಕೇಸ್ ಅಂತಾರೆ, 2012ರ ಫೆಬ್ರವರಿಯಲ್ಲಿ ಯುರೋಪಿನ ಮಾನವ ಹಕ್ಕು ಕೋರ್ಟ್ ಇಟಲಿ ತಪ್ಪು ಅಂತು. ನಡು ಸಮುದ್ರ ಆದ್ರೂ ನಿಮ್ಮ ಹಡಗಲ್ಲಿ ಇದ್ದಾರೆ ಅಂದ್ರೆ ನಿಮ್ಮ ಕೈಯಲ್ಲಿ ಇದ್ದಾರೆ ಅಂತ ಅರ್ಥ.

ಅದು ಸರ್ಕಾರದ ಮಾತಾಯ್ತು. ನಮ್ಮಂಥವರಿಗೆ ಮುಖ್ಯ ಆಗುದು ಆಸ್ಸೋ 28 ಕೇಸ್. ತೈಲ ಪ್ಲಾಟ್‌ಫಾರ್ಮಿಗೆ ಸಾಮಾನು ಕೊಂಡೋಗುವ ಇಟಲಿಯ ಹಡಗು, 2018ರ ಜುಲೈಯಲ್ಲಿ 101 ಜನರನ್ನು ಎತ್ತಿ ಟ್ರಿಪೋಲಿಯಲ್ಲಿ ಇಳಿಸ್ತು. 2021ರಲ್ಲಿ ನೇಪಲ್ಸ್ ಕೋರ್ಟ್ ಕ್ಯಾಪ್ಟನಿಗೆ ಒಂದು ವರ್ಷ ಶಿಕ್ಷೆ ಕೊಟ್ಟಿತು, 2024ರಲ್ಲಿ ಇಟಲಿಯ ಅತಿ ದೊಡ್ಡ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ "ಅವರು ಹೇಳಿದ್ರು, ನಾನು ಬಿಟ್ಟೆ" ಅನ್ನುವ ಮಾತು ಎಲ್ಲ ಕಡೆ ನಡೆಯುದಿಲ್ಲ ಹುಡುಗರೇ.

ಅಂದ್ರೆ ಇಳಿಸಿದ್ರೂ ಜೈಲು, ಇಳಿಸದಿದ್ರೂ ಜೈಲಾ?

ಕೆಲವರಿಗೆ ಹಾಗೇ ಆಗಿದೆ. 2004ರಲ್ಲಿ ಜರ್ಮನಿಯ ಕಾಪ್ ಅನಾಮೂರ್ ಅನ್ನುವ ಹಡಗಿನವರು 37 ಜನರನ್ನು ಸಿಸಿಲಿಗೆ ತಂದ್ರು, ಅಕ್ರಮ ಪ್ರವೇಶಕ್ಕೆ ಸಹಾಯ ಅಂತ ಹಿಡಿದ್ರು, ಖುಲಾಸೆ ಆದದ್ದು 2009ರಲ್ಲಿ, ಐದು ವರ್ಷ ಅಲೆದ ಮೇಲೆ. 2019ರ ಜೂನಲ್ಲಿ ಸೀ-ವಾಚ್ 3 ಹಡಗಿನ ಕ್ಯಾಪ್ಟನ್ ಕರೋಲಾ ರಾಕೆಟೆ ಎರಡು ವಾರಕ್ಕೂ ಹೆಚ್ಚು ಕಾದು ಅನುಮತಿ ಇಲ್ಲದೆಯೇ ಲಾಂಪೆಡೂಸಾಕ್ಕೆ ನುಗ್ಗಿದ್ಲು, ಅರೆಸ್ಟ್ ಆಯ್ತು, ಮೂರೇ ದಿನದಲ್ಲಿ ಜಡ್ಜ್ ಬಿಟ್ರು, ಜೀವ ಉಳಿಸುವ ಕರ್ತವ್ಯ ಮಾಡಿದ್ದಾಳೆ ಅಂತ. ಮರುವರ್ಷ ದೊಡ್ಡ ಕೋರ್ಟೂ ಒಪ್ಪಿತು.

ನಂಗೆ ಹೆಚ್ಚು ಬೇಜಾರಾದದ್ದು ಎಲ್ ಹಿಬ್ಲು ಕೇಸ್. 2019ರ ಮಾರ್ಚಲ್ಲಿ ಈ ಸಣ್ಣ ಟ್ಯಾಂಕರ್ 108 ಜನರನ್ನು ಎತ್ತಿ ಲಿಬಿಯಾ ಕಡೆ ತಿರುಗಿಸಿತು, ಜನ ಹೆದರಿ ಗಲಾಟೆ ಮಾಡಿದ್ರು, ಹಡಗು ಮಾಲ್ಟಾಕ್ಕೆ ಬಂತು. ಅಲ್ಲಿ ಮೂರು ಹುಡುಗರ ಮೇಲೆ ಭಯೋತ್ಪಾದನೆಯ ಕೇಸ್ ಹಾಕಿದ್ರು. ಒಬ್ಬನಿಗೆ ಆಗ 15 ವರ್ಷ, ಇನ್ನೊಬ್ಬನಿಗೆ 16, ಮತ್ತೊಬ್ಬನಿಗೆ 19.

ಹಡಗು ದಾರಿ ಬಿಟ್ಟು ಹೋದ ಖರ್ಚು ಯಾರ ತಲೆ ಮೇಲೆ?

ಡೀಸೆಲ್, ಊಟ, ಬಂದರಿನ ಫೀಸು ಇಂಥದ್ದೆಲ್ಲ ಹೆಚ್ಚಾಗಿ ಹಡಗಿನ ಪಿ ಅಂಡ್ ಐ ಕ್ಲಬ್ ಅನ್ನುವ ವಿಮೆಯಿಂದ ಬರ್ತದೆ. ದಿನದ ಬಾಡಿಗೆ ಹೋದದ್ದು ಮಾತ್ರ ಸಾಮಾನ್ಯವಾಗಿ ಬರುದಿಲ್ಲ, ಅದಕ್ಕೇ ಮಾಲೀಕರು ಮುಖ ಸಣ್ಣ ಮಾಡುದು. ಸರಕು ತಡ ಆಯ್ತು ಅಂತ ಸರಕಿನವ ಕೇಸ್ ಹಾಕಿದ್ರೆ ನಿಲ್ಲುದಿಲ್ಲ, ಜೀವ ಉಳಿಸ್ಲಿಕ್ಕೆ ದಾರಿ ತಪ್ಪಿದ್ರೆ ಕರಾರು ಮುರಿದ ಹಾಗಲ್ಲ ಅಂತ ಸರಕು ಸಾಗಾಟದ ಹಳೇ ಹೇಗ್ ನಿಯಮದಲ್ಲೇ ಉಂಟು. ಮತ್ತೆ ಒಂದು ತಮಾಷೆ: ಮುಳುಗುವ ಸರಕು ಉಳಿಸಿದ್ರೆ ಬಹುಮಾನ ಉಂಟು, ಮುಳುಗುವ ಮನುಷ್ಯನನ್ನು ಉಳಿಸಿದ್ರೆ ಅವನಿಂದ ಒಂದು ಪೈಸೆ ಕೇಳ್ಲಿಕ್ಕಿಲ್ಲ.

ಈ ಎನ್‌ಜಿಒ ಹಡಗುಗಳು ಇರುದ್ರಿಂದಲೇ ಜನ ಹೊರಡ್ತಾರೆ, ಅದೊಂದು ಟ್ಯಾಕ್ಸಿ ಸರ್ವಿಸ್ ಅಂತಾರಲ್ಲ?

ಇದನ್ನು ಕಳಿಸುವ ಚಿಕ್ಕಪ್ಪಂದಿರಿಗೆ ನಾನು ವರ್ಷಗಳ ಲೆಕ್ಕ ಕೊಡ್ತೇನೆ ಅಷ್ಟೆ. 2013ರ ಅಕ್ಟೋಬರ್ 3ಕ್ಕೆ ಲಾಂಪೆಡೂಸಾ ದಡದ ಹತ್ತಿರವೇ ದೋಣಿ ಮುಳುಗಿ 360ಕ್ಕೂ ಹೆಚ್ಚು ಜನ ಸತ್ರು. ಆಗ ಈ ಎನ್‌ಜಿಒ ಹಡಗು ಒಂದೂ ಇರ್ಲಿಲ್ಲ. ಅದರ ನಂತರ ಇಟಲಿ ನೌಕಾಪಡೆಯೇ ಮಾರೆ ನೋಸ್ಟ್ರುಮ್ ಅಂತ ಕಾರ್ಯಾಚರಣೆ ಮಾಡಿ ಒಂದು ವರ್ಷದಲ್ಲಿ ಸುಮಾರು ಒಂದೂವರೆ ಲಕ್ಷ ಜನರನ್ನು ಎತ್ತಿತು, ತಿಂಗಳಿಗೆ 90 ಲಕ್ಷ ಯೂರೋ ಖರ್ಚು, 2014ರ ಅಕ್ಟೋಬರಲ್ಲಿ ನಿಲ್ಲಿಸಿದ್ರು. ಮರು ಏಪ್ರಿಲಿಗೆ ಮೇಲೆ ಹೇಳಿದ ಕಿಂಗ್ ಜೇಕಬ್ ದುರಂತ. ನೌಕಾಪಡೆ ಹಿಂದೆ ಸರಿದ ಜಾಗ ಖಾಲಿ ಬಿದ್ದಾಗ ಎನ್‌ಜಿಒದವರು ಬಂದ್ರು, ಅವರು ಇಲ್ಲದಿದ್ರೆ ಆ ಕರೆ ಬರುದು ನಮ್ಮಂಥ ಟ್ಯಾಂಕರಿಗೆ. 2023ರ ಜನವರಿಯಿಂದ ಇಟಲಿ ಹೊಸ ನಿಯಮ ತಂದಿದೆ, ಒಂದು ರಕ್ಷಣೆ ಆದ ಕೂಡ್ಲೇ ಹೇಳಿದ ಬಂದರಿಗೆ ಹೋಗ್ಬೇಕು ಅಂತ, ಮತ್ತು ಆ ಬಂದರು ಅಂಕೋನಾ, ರವೆನ್ನಾ ಹೀಗೆ ದಿನಗಟ್ಲೆ ದೂರದ್ದು ಆಗಿರ್ತದೆ. ತಪ್ಪಿದ್ರೆ 50,000 ಯೂರೋವರೆಗೆ ದಂಡ, 20 ದಿನ ಹಡಗು ಜಪ್ತಿ.

ಹಡಗಲ್ಲಿ ಕದ್ದು ಕೂತವರೂ ಇವರೂ ಒಂದೇನಾ?

ಅಲ್ಲ. ಬಂದರಲ್ಲಿ ಸದ್ದಿಲ್ಲದೆ ಹತ್ತಿ ಚೈನ್ ಲಾಕರಲ್ಲೋ ರಡ್ಡರ್ ಟ್ರಂಕಲ್ಲೋ ಅಡಗಿ ಕೂತವ ಸ್ಟೋಅವೇ, ಅವನಿಗೆ ಬೇರೆ ನಿಯಮ, ಬೇರೆ ಫಾರ್ಮು. ನೀರಿಂದ ಎತ್ತಿದವ ರಕ್ಷಿತ. ಪೇಪರಲ್ಲಿ ಒಂದಕ್ಕೆ ಇನ್ನೊಂದು ಬರೆದ್ರೆ ಬಂದರಲ್ಲಿ ಪಜೀತಿ, ಹುಷಾರು.

ನಮ್ಮ ಕಡೆ ಇಂಥದ್ದು ಆಗುದಿಲ್ವಾ?

ಯಾಕೆ ಆಗುದಿಲ್ಲ. ಭಾರತದ ಪಾಲಿಗೆ ಬಂದಿರುವ ರಕ್ಷಣಾ ಪ್ರದೇಶ ಸುಮಾರು 46 ಲಕ್ಷ ಚದರ ಕಿಲೋಮೀಟರ್, ದೇಶದ ನೆಲಕ್ಕಿಂತ ದೊಡ್ಡದು. ಕೋಸ್ಟ್ ಗಾರ್ಡ್ ನೋಡ್ಕೊಳ್ತದೆ, ಮುಂಬೈ, ಚೆನ್ನೈ, ಪೋರ್ಟ್ ಬ್ಲೇರ್ (ಈಗಿನ ಹೆಸರು ಶ್ರೀ ವಿಜಯಪುರಂ) ಮೂರು ದೊಡ್ಡ ಕೇಂದ್ರ, ನಮ್ಮ ಕರಾವಳಿಗೆ ಪಣಂಬೂರಲ್ಲಿ ಉಪಕೇಂದ್ರ. ಸಮುದ್ರದಲ್ಲಿ ಯಾರಿಗಾದ್ರೂ ತೊಂದ್ರೆ ಆದ್ರೆ 1554ಕ್ಕೆ ಫೋನ್ ಮಾಡ್ಬಹುದು, ಮೀನಿಗೆ ಹೋಗುವ ಮನೆಗಳಲ್ಲಿ ಈ ನಂಬರ್ ಗೋಡೆಯಲ್ಲಿ ಬರೆದಿಟ್ಕೊಳ್ಳಿ.

2021ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರಿಂದ 90 ರೋಹಿಂಗ್ಯಾ ಜನ ಹೊರಟ ದೋಣಿಯ ಎಂಜಿನ್ ಕೆಟ್ಟು ಅಂಡಮಾನ್ ಸಮುದ್ರದಲ್ಲಿ ತೇಲ್ತಾ ಇತ್ತು. ಕೋಸ್ಟ್ ಗಾರ್ಡಿನವರು ಮುಟ್ಟುವಾಗ 8 ಜನ ಸತ್ತಿದ್ರು, ಒಬ್ಬರು ಕಾಣೆ, 81 ಜನ ಬದುಕಿದ್ರು. ಊಟ, ಔಷಧಿ ಕೊಟ್ರು, ಎಂಜಿನ್ ರಿಪೇರಿಗೆ ಜನ ಕಳಿಸಿದ್ರು, ಆದ್ರೆ ದಡಕ್ಕೆ ತರ್ಲಿಲ್ಲ, ಬಾಂಗ್ಲಾದೇಶ ನಾವು ತಗೊಳ್ಳುದಿಲ್ಲ ಅಂತು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಮಾಲ್ಟಾ ಇಟಲಿಯನ್ನು ಬೈಯುವಾಗ ನಂಗೆ ಈ ದೋಣಿಯೂ ನೆನಪಾಗಿ ದನಿ ಸ್ವಲ್ಪ ತಗ್ಗಿಸ್ತೇನೆ. 2015ರ ಮೇಯಲ್ಲಿ ಇದೇ ಸಮುದ್ರದಲ್ಲಿ ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ ಮೂರೂ ದೋಣಿಗಳನ್ನು ಒಬ್ಬರ ಕಡೆಯಿಂದ ಒಬ್ಬರ ಕಡೆ ತಳ್ತಾ ಇದ್ದಾಗ ಕೊನೆಗೆ ಎತ್ತಿ ತಂದದ್ದು ಇಂಡೋನೇಷ್ಯಾದ ಆಚೆಹ್ (Aceh) ಅನ್ನುವ ಪ್ರಾಂತ್ಯದ ಮೀನುಗಾರರು, ಬೇಡ ಅಂತ ಸೈನ್ಯದವರು ಹೇಳಿದ್ರೂ ಕೇಳ್ಲಿಲ್ಲ.

ನೋಡಿಯೂ ನೋಡದ ಹಾಗೆ ಹೋದ್ರೆ ಯಾರಿಗೆ ಗೊತ್ತಾಗ್ತದೆ?

ಮೊದ್ಲಿಗಿಂತ ಈಗ ಹೆಚ್ಚು ಗೊತ್ತಾಗ್ತದೆ. ಹಡಗು ಎಲ್ಲಿದೆ ಅಂತ ಎಲ್ಲರಿಗೂ ತೋರಿಸುವ ಎಐಎಸ್ ಇರ್ತದೆ, ಬ್ರಿಜ್ಜಿನ ಮಾತು ರಡಾರ್ ಚಿತ್ರ ಎಲ್ಲ ರೆಕಾರ್ಡ್ ಮಾಡುವ ಪೆಟ್ಟಿಗೆ ಇರ್ತದೆ. 1988ರಲ್ಲಿ ಅಮೆರಿಕಾದ ಯುದ್ಧನೌಕೆ ಡುಬ್ಯೂಕಿನ ಕ್ಯಾಪ್ಟನ್ ವಿಯೆಟ್ನಾಮಿನ ಜನರ ದೋಣಿಗೆ ಸ್ವಲ್ಪ ಊಟ ನೀರು ಕೊಟ್ಟು ಮುಂದೆ ಹೋದ, 110 ಜನರಲ್ಲಿ ಫಿಲಿಪೈನ್ಸ್ ಮುಟ್ಟಿದ್ದು 52, ಅವರು ಹೇಳಿದ್ದನ್ನು ಕೇಳಿ ಅವನಿಗೆ ಕೋರ್ಟ್ ಮಾರ್ಷಲ್ ಆಯ್ತು. ಆದ್ರೆ 2011ರಲ್ಲಿ ಲಿಬಿಯಾದಿಂದ 72 ಜನ ಹೊರಟ ದೋಣಿ ನ್ಯಾಟೋ ಹಡಗುಗಳು ತುಂಬಿದ್ದ ಸಮುದ್ರದಲ್ಲಿ 14 ದಿನ ತೇಲಿತು, ಹೆಲಿಕಾಪ್ಟರ್ ಬಂದು ಬಿಸ್ಕಿಟ್ ಹಾಕಿ ಹೋಯ್ತು, ಒಂದು ದೊಡ್ಡ ಹಡಗು ಹತ್ತಿರ ಬಂದು ಹೋಯ್ತು ಅಂತ ಬದುಕಿದವರು ಹೇಳಿದ್ರು. 63 ಜನ ಸತ್ರು. ಯಾರಿಗೂ ಶಿಕ್ಷೆ ಆಗ್ಲಿಲ್ಲ.

ನಂದೂ ಒಂದು ಹೇಳ್ತೇನೆ, ಇದನ್ನೂ ಕೇಳ್ತಾರೆ, "ನೀವು ಯಾವತ್ತಾದ್ರೂ ನೋಡಿದ್ದೀರಾ" ಅಂತ. ಜನರನ್ನು ನೋಡ್ಲಿಲ್ಲ. ಮಾಲ್ಟಾದ ದಕ್ಷಿಣಕ್ಕೆ ಬೆಳಿಗ್ಗೆ ನಾಲ್ಕರಿಂದ ಎಂಟರ ವಾಚಲ್ಲಿ (ಪಾಳಿಯಲ್ಲಿ) ಎಬಿ, ಅಂದ್ರೆ ಕಾವಲು ನಿಂತ ನಾವಿಕ, ದುರ್ಬೀನು ಕೆಳಗಿಳಿಸಿ "ಸಾಬ್, ಕುಚ್ ಹೈ" ಅಂದ. ರಡಾರಲ್ಲಿ ಏನೂ ಇರ್ಲಿಲ್ಲ, ರಬ್ಬರ್ ಅದಕ್ಕೆ ಕಾಣುದೇ ಅಪರೂಪ. ಹತ್ತಿರ ಹೋದಾಗ ಬೂದು ಬಣ್ಣದ ಖಾಲಿ ದೋಣಿ, ಒಂದು ಬದಿ ಗಾಳಿ ಹೋಗಿತ್ತು, ಬದಿಯಲ್ಲಿ ಕಿತ್ತಳೆ ಸ್ಪ್ರೇ ಪೇಂಟಲ್ಲಿ ಅಕ್ಷರ, ತಾರೀಕು. ಕ್ಯಾಪ್ಟನ್ ನೋಡಿ ಉಸಿರು ಬಿಟ್ಟ. ಎತ್ತಿದವರು ಹಾಗೆ ಗುರುತು ಹಾಕಿ ಬಿಡ್ತಾರೆ, ಇನ್ನೊಬ್ಬರು ಬಂದು ಹುಡುಕಬಾರ್ದು ಅಂತ.

ಅದಾಗಿ ಒಂಬತ್ತು ದಿನಕ್ಕೆ ವಾಪಸ್ ಬರುವಾಗ ಇನ್ನೊಂದು ಸಿಕ್ಕಿತು, ಅದೇ ಥರದ್ದು. ಸುತ್ತ ಒಂದು ರೌಂಡ್ ಹಾಕಿದೆವು. ಒಳಗೆ ಅರ್ಧ ನೀರು, ಒಂದು ಹವಾಯಿ ಚಪ್ಪಲಿ, ಹಾಲಿನ ಪುಡಿಯ ಡಬ್ಬ. ಪೇಂಟ್ ಎಲ್ಲಿಯೂ ಇರ್ಲಿಲ್ಲ. ಕ್ಯಾಪ್ಟನ್ ಇನ್ನೂ ಎರಡು ಸುತ್ತು ಹಾಕಿಸಿದ, ರಕ್ಷಣಾ ಕೇಂದ್ರಕ್ಕೆ ತಿಳಿಸಿ ಚೌಕ ದೊಡ್ಡದು ಮಾಡ್ತಾ ಮಾಡ್ತಾ ಕತ್ತಲಾಗುವವರೆಗೆ ಹುಡುಕಿದೆವು. ಆಮೇಲೆ ಲಾಗ್‌ಬುಕ್ಕಲ್ಲಿ ಜಾಗ, ಸಮಯ, ಗಾಳಿ, "ಯಾರೂ ಕಾಣಲಿಲ್ಲ" ಅಂತ ಬರೆದದ್ದು ನಾನೇ. ಗುರುತು ಇತ್ತಾ ಅಂತ ಕೇಂದ್ರದವರು ಫೋನಲ್ಲಿ ಎರಡು ಸಲ ಕೇಳಿದ್ರು, ಎರಡು ಸಲವೂ ಇಲ್ಲ ಅಂದೆ.